ನಾಲ್ಕು ಗೋಡೆಯೊಳಗಿನ ಅಳು

ಹೆಂಡತಿ ಅಮೆಲೀನಳನ್ನು ಮಣ್ಣು ಮಾಡಿ ಬಂದ ರೆನೂಫ್ ಇನ್ನೂ ಕೈ ತೊಳೆದುಕೊಂಡಿರಲಿಲ್ಲ, ಅಷ್ಟರಲ್ಲೇ ಅವಳ ಚಿಕ್ಕಪ್ಪ ಒಸ್ಬೆರ್ನ್ ಆ ಮಾತು ಎತ್ತಿದ. ಗುಟ್ಟಾಗಿ ಕಿವಿಯಲ್ಲಿ ಎತ್ತಿದ್ದರೂ ಸಹಿಸಬಹುದಿತ್ತು. ಕ್ಲೆರ್ಬೆಕ್ ಕೋಟೆಮನೆಯ ಹಜಾರದಲ್ಲಿ, ಸಾವಿನೂಟಕ್ಕೆ ಕೂತ ಪಾದ್ರಿ, ನೆರೆಯ ಸರದಾರರು, ಒಕ್ಕಲಿನವರು ಎಲ್ಲರ ಎದುರಿಗೆ, ಬಟಾಣಿ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಗಡ್ಡ ಒರೆಸಿಕೊಂಡು ಕೇಳಿದ.

"ಅಳಿಯಂದಿರೇ, ಒಂದು ಮಾತು. ಕೂಸು ಅತ್ತದ್ದನ್ನ ಕಿವಿಯಾರೆ ಕೇಳಿದ ಗಂಡಸು ಯಾರು?"

 ರೆನೂಫ್ ತಲೆ ಎತ್ತಲಿಲ್ಲ. ಪ್ರಶ್ನೆ ಕೂಸಿನ ಮೇಲಿನ ಅಕ್ಕರೆಯಿಂದ ಬಂದದ್ದಲ್ಲ ಎನ್ನುವುದು ಅಲ್ಲಿದ್ದ ನಾಯಿಗೂ ಗೊತ್ತಿತ್ತು.

ನಾರ್ಮಂಡಿಯ ಕಟ್ಟಳೆ ಹೀಗಿದೆ. ಹೆಂಡತಿಯ ಕಡೆಯಿಂದ ಬಂದ ಜಹಗೀರು ಅವಳು ಸತ್ತ ದಿನವೇ ಅವಳ ತವರಿನವರಿಗೆ ಹಿಂದಿರುಗಬೇಕು. ಆದರೆ ಅವಳು ಜೀವಂತ ಮಗುವೊಂದನ್ನು ಹೆತ್ತಿದ್ದರೆ, ಆ ಮಗು ಮರುಗಳಿಗೆ ಸತ್ತಿದ್ದರೂ ಸರಿಯೇ, ಗಂಡ ಮರುಮದುವೆಯಾಗದೆ ಇರುವ ತನಕ, ತಾನು ಸಾಯುವ ತನಕ, ಅದನ್ನು ಅನುಭವಿಸಬಹುದು. ಮಗುವಿಗೆ ಜೀವವಿತ್ತು ಎನ್ನುವುದಕ್ಕೆ ಒಂದೇ ಗುರುತು: ನಾಲ್ಕು ಗೋಡೆಗಳ ನಡುವೆ ಅದು ಅತ್ತದ್ದು ಕೇಳಿಸಿರಬೇಕು. ಕಣ್ಣು ಬಿಟ್ಟರೆ ಸಾಲದು, ಕೈಕಾಲು ಆಡಿಸಿದರೆ ಸಾಲದು. ಕೇಳಿದವನು ಗಂಡಸಾಗಿರಬೇಕು, ಏಕೆಂದರೆ ನ್ಯಾಯಸ್ಥಾನದಲ್ಲಿ ಹೆಂಗಸರ ಸಾಕ್ಷಿ ನಡೆಯುವುದಿಲ್ಲ. ಹೆರಿಗೆಯ ಕೋಣೆಗೋ ಗಂಡಸರು ಕಾಲಿಡುವಂತಿಲ್ಲ. ಒಳಗಿದ್ದು ಕಂಡವರು ಬಾಯಿ ಬಿಡುವಂತಿಲ್ಲ, ಬಾಯಿ ಬಿಡಬಹುದಾದವರು ಒಳಗಿರುವಂತಿಲ್ಲ. ಇಂಥ ಕಟ್ಟಳೆ ಮಾಡಿದ ಪುಣ್ಯಾತ್ಮರು ಯಾರೋ, ಅವರ ಮನೆಯಲ್ಲಿ ಯಾವತ್ತೂ ಹೆರಿಗೆ ಆಗಿರಲಿಕ್ಕಿಲ್ಲ.

"ಮಾತಾಡಿ ಅಳಿಯಂದಿರೇ. ಸೂಲಗಿತ್ತಿ ಪುರಾಣ ಬೇಡ. ಗಂಡಸು ಯಾರು ಅಂತ ಹೇಳಿ."

"ಹೆರಿಗೆ ಹೊತ್ತಲ್ಲಿ ಈ ಹಜಾರದಲ್ಲಿ ಕೂತಿದ್ದವರು ನೀವೇ ಅಲ್ವಾ?" ಎಂದ ರೆನೂಫ್.

"ನಾನು ಎದುರು ಪಕ್ಷದವನು. ಎದುರು ಪಕ್ಷದವನ ಹತ್ರ ಸಾಕ್ಷಿ ಕೇಳೋ ಪದ್ಧತಿ ಯಾವ ಊರಲ್ಲಿದೆಯಪ್ಪಾ?" ಒಸ್ಬೆರ್ನ್ ಎದ್ದು ಮೇಲಂಗಿ ಹೊದ್ದುಕೊಂಡ. "ಮಾರ್ತಿನ ಸಂತರ ಹಬ್ಬ ಕಳೆದ ಮೇಲೆ ರಾಜನ ನ್ಯಾಯಾಧಿಕಾರಿ ಪೇಟೆಗೆ ಬರ್ತಾರೆ. ಅಲ್ಲಿ ಹೇಳಿದ್ರೆ ಸಾಕು. ಅಲ್ಲೀವರೆಗೂ ನಮ್ಮಣ್ಣನ ಮಂಚದ ಮೇಲೇ ಮಲಗಿ, ನಾನೇನು ಬೇಡ ಅನ್ನಲ್ಲ. ಹೊರಡೋವಾಗ ನೀವು ಬಂದ ಕುದುರೆ ಮಾತ್ರ ನಿಮ್ಮದು. ಅದು ಸತ್ತು ಯಾವ ಕಾಲ ಆಯ್ತೋ, ಹಾಗಾಗಿ ನಡ್ಕೊಂಡೇ ಹೋಗಬೇಕಾಗುತ್ತೆ."

ಒಬ್ಬಿಬ್ಬರು ಕಿಸಕ್ಕೆಂದರು. ಮನೆಯಳಿಯನನ್ನು ಕಂಡು ನಗಲು ಸಾವಿನ ಮನೆಯಾದರೇನು?

ಒಸ್ಬೆರ್ನ್ ಅಮೆಲೀನಳ ತಂದೆಯ ತಮ್ಮ. ಇದೇ ಮನೆಯಲ್ಲಿ ಹುಟ್ಟಿದವನು. ತಂದೆ ಸತ್ತಾಗ ಅಣ್ಣನಿಗೆ ಮನೆ, ಹೊಲ, ಗಿರಣಿ, ಕಾಡು ಎಲ್ಲ ಹೋಯಿತು, ಇವನಿಗೆ ಒಂದು ಕತ್ತಿ, ಒಂದಿಷ್ಟು ಆಶೀರ್ವಾದ. ಅಣ್ಣನಿಗೆ ಗಂಡು ಸಂತಾನ ಆಗಲಿಲ್ಲ. ಆದರೆ ಇವನ ಹಣೆಬರಹಕ್ಕೆ ಅಣ್ಣನಿಗೊಂದು ಹೆಣ್ಣಾಯಿತು, ಆ ಹೆಣ್ಣೇ ವಾರಸುದಾರಳಾದಳು. ಅವಳನ್ನು ಕಟ್ಟಿಕೊಳ್ಳಲು ಎಲ್ಲಿಂದಲೋ ಒಬ್ಬ ಬರಿಗೈ ದಾಸ ಬಂದ. ಆ ದಾಸನೇ ರೆನೂಫ್. ಅವನೂ ಒಂದು ದೊಡ್ಡ ಮನೆಯ ಕೊನೆಯ ಮಗ, ಅಣ್ಣಂದಿರು ತಿಂದುಳಿಸಿದ್ದು ಏನೂ ಇರದೆ, ಊರೂರ ಕುದುರೆಸವಾರರ ಈಟಿ ಕಾಳಗಗಳಲ್ಲಿ ಪಕ್ಕೆಲುಬು ಮುರಿಸಿಕೊಂಡು, ಪರರ ಲಾಯಗಳಲ್ಲಿ ಮಲಗಿ ನಲವತ್ತರ ಹತ್ತಿರ ಬಂದವನು. ಅಮೆಲೀನ್ ಕೈಹಿಡಿದ ಮೇಲೆ ಅವನಿಗೆ ಮೊದಲ ಸಲ ತನ್ನದು ಅನ್ನುವ ಬಾಗಿಲು ಸಿಕ್ಕಿತ್ತು. ಒಂದೇ ಮನೆಗೆ ಜನ್ಮವೆಲ್ಲ ಹಂಬಲಿಸಿದ ಮುದುಕ ಒಬ್ಬ, ಮತ್ತೆ ಬೀದಿಗೆ ಬೀಳುವ ಭಯದವನು ಒಬ್ಬ. ಇಬ್ಬರನ್ನೂ ದೂರುವುದು ಕಷ್ಟ. ಆದರೂ ಒಸ್ಬೆರ್ನ್‌ನನ್ನು ದೂರುವುದು ಸ್ವಲ್ಪ ಸುಲಭ, ಏಕೆಂದರೆ ಅವನ ಬಾಯಿ ಹಾಗಿತ್ತು.

ಹೆರಿಗೆಯಾದ ಆ ಬೆಳಗಿನ ಕಥೆಯನ್ನು ರೆನೂಫ್ ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೋ. ಹೆರಿಗೆ ಕಷ್ಟವಾದಾಗ ಮಹಡಿಯ ಕೋಣೆಯಿಂದ ಹೆಂಗಸರು "ಬಿಚ್ಚಿ! ಎಲ್ಲಾ ಬಿಚ್ಚಿ!" ಎಂದು ಕೂಗುತ್ತಾರೆ. ಆಗ ಕೆಳಗಿರುವ ಗಂಡಸರು ಮನೆಯಲ್ಲಿ ಒಂದು ಗಂಟು, ಒಂದು ಬೀಗ, ಒಂದು ಅಗುಳಿ ಉಳಿಯದ ಹಾಗೆ ಬಿಚ್ಚಬೇಕು. ಎಲ್ಲಾದರೂ ಒಂದು ಉಳಿದರೆ ಕೂಸು ಒಳಗೇ ಸಿಕ್ಕಿಕೊಳ್ಳುತ್ತದೆ. ಅಮೆಲೀನಳ ನರಳಾಟ ಕೇಳಿ ಕೇಳಿ ಹಣ್ಣಾಗಿದ್ದ ರೆನೂಫ್‌ಗೆ ಕೊನೆಗೂ ಮಾಡಲು ಒಂದು ಕೆಲಸ ಸಿಕ್ಕಿತ್ತು. ಪೆಟ್ಟಿಗೆಗಳ ಮುಚ್ಚಳ ತೆಗೆದ, ಹಿಟ್ಟಿನ ಚೀಲಗಳ ಬಾಯಿ ಬಿಚ್ಚಿದ, ತನ್ನ ಸೊಂಟದ ಪಟ್ಟಿ ಕಿತ್ತೆಸೆದ, ಹೆಬ್ಬಾಗಿಲನ್ನು ಹಾರುಹೊಡೆದ. ಹಜಾರದಲ್ಲಿ ಕೂತಿದ್ದ ಒಸ್ಬೆರ್ನ್‌ನ ರೊಟ್ಟಿಯ ಗಂಟನ್ನೂ ಬಿಚ್ಚಿಸಿದ. ಚರ್ಚಿನ ಗಂಟೆ ಬಾರಿಸಲು ಪಾದ್ರಿಗೆ ಹೇಳಿ ಕಳಿಸಿದ. ಆಮೇಲೆ ಲಾಯಕ್ಕೆ ಹೋಗಿ ಕುದುರೆಗಳ ಹಗ್ಗ ಬಿಚ್ಚಿದ. ಕುದುರೆ ಬಿಚ್ಚುವ ಮುಂಚೆ ಬಾಗಿಲು ಹಾಕಬೇಕು ಅಂತ ಎಂಥ ದಡ್ಡನಿಗಾದರೂ ಹೊಳೆಯುತ್ತದೆ. ಆದರೆ ಅವತ್ತು ಬಾಗಿಲು ಹಾಕುವಂತಿರಲಿಲ್ಲವಲ್ಲ!

ಕುದುರೆಗಳು ತೆರೆದ ಹೆಬ್ಬಾಗಿಲಿನಿಂದ ಹಳ್ಳದ ಕಡೆ ನಾಗಾಲೋಟ ಕಿತ್ತವು. ಪಾರುಪತ್ಯಗಾರ ಗೆರೆನ್, ಅಡುಗೆಯವನು, ಹಂದಿ ಕಾಯುವವನು, ಮನೆಯ ಗಂಡಾಳುಗಳೆಲ್ಲ ಬೆನ್ನು ಹತ್ತಿದರು. ರೆನೂಫ್ ಕೂಡ ಓಡಿದ. ಯಾಕೆ ಓಡಿದೆ ಎಂದು ಆಮೇಲೆ ಎಷ್ಟು ಕೇಳಿಕೊಂಡರೂ ಅವನಿಗೆ ಉತ್ತರ ಸಿಗಲಿಲ್ಲ. ಆ ನರಳಾಟದಿಂದ ದೂರ ಹೋಗಲು ಒಂದು ನೆವ ಬೇಕಿತ್ತೇನೋ. ಮನೆಯಲ್ಲಿ ಉಳಿದ ಗಂಡಸು ಒಸ್ಬೆರ್ನ್ ಒಬ್ಬನೇ. ವಾರಸುದಾರಳು ಹೆರುವಾಗ ಮುಂದಿನ ಹಕ್ಕುದಾರ ಕೋಣೆಯ ಹೊರಗೆ ಕೂತಿರಬಹುದು, ಬೇರೆ ಯಾರದೋ ಕೂಸನ್ನು ಒಳಗೆ ಸಾಗಿಸದ ಹಾಗೆ ಕಾವಲಿಗೆ. ಅಂಥ ಹಕ್ಕನ್ನು ಒಸ್ಬೆರ್ನ್ ಬಿಡುವವನಲ್ಲ.

ಗೋಧಿ ಹೊಲದ ನಡುವೆ ಸಿಕ್ಕ ಕುದುರೆಯ ಜೂಲು ಹಿಡಿದು ರೆನೂಫ್ ಹಿಂದಿರುಗುವಾಗ ಚರ್ಚಿನ ಗಂಟೆ ನಿಂತಿತ್ತು. ಮೆಟ್ಟಿಲ ಮೇಲೆ ಸೂಲಗಿತ್ತಿ ಪೆರೊನೆಲ್ ಕೂತಿದ್ದಳು. ಅವಳು ಹಾಗೆ ಕೂರುವವಳಲ್ಲ.

"ಅಮ್ಮಾವ್ರು ಹೋದ್ರು ಧಣಿ," ಎಂದಳು. "ಕೂಸೂ ಹೋಯ್ತು. ಹೆಣ್ಣು ಕೂಸು. ಉಸಿರಿರೋವಾಗ್ಲೇ ಜ್ಞಾನಸ್ನಾನದ ನೀರು ಹಾಕಿ ಆಗ್ನೆಸ್ ಅಂತ ಹೆಸರಿಟ್ಟೆ."

"ಅತ್ತಳಾ?"

"ಅತ್ತಳು ಧಣಿ. ಚೆನ್ನಾಗೇ ಅತ್ತಳು."

ನಂಬಬೇಕು ಅನ್ನಿಸಿತು. ಆದರೆ ಹೋದ ವರ್ಷ ಕೂಸು ಕಳೆದುಕೊಂಡ ಗಿರಣಿಯವನ ಹೆಂಡತಿಗೂ ಪೆರೊನೆಲ್ ಇದನ್ನೇ ಹೇಳಿದ್ದಳು, ಇದೇ ದನಿಯಲ್ಲಿ. ಆಮೇಲೆ ಅಮೆಲೀನಳ ಹತ್ತಿರ, "ಅದಕ್ಕೆಲ್ಲಿತ್ತಮ್ಮ ಉಸಿರು? ಪಾಪ, ಆ ಕೂಸಿಗೆ ಚರ್ಚಿನ ಮಣ್ಣಾದ್ರೂ ಸಿಗ್ಲಿ ಅಂತ ಒಂದು ಸುಳ್ಳು ಹೇಳ್ದೆ," ಎಂದಿದ್ದಳು. ಅಮೆಲೀನ್ ಅದನ್ನು ಗಂಡನಿಗೆ ಹೇಳಿ ಕಣ್ಣೊರೆಸಿಕೊಂಡಿದ್ದಳು. ಹಾಗಾಗಿ ಪೆರೊನೆಲಳ ಒಳ್ಳೆಯ ಮನಸ್ಸೇ ರೆನೂಫ್‌ಗೆ ಮುಳುವಾಯಿತು. ತನ್ನ ಮಗಳು ಬದುಕಿದ್ದಳೋ ಇಲ್ಲವೋ? ಅದನ್ನು ಯಾರ ಬಾಯಿಂದ ಕೇಳಿದರೂ ಅವನಿಗೆ ನಂಬಿಕೆ ಬಾರದು.

ಸಾವಿನೂಟ ಮುಗಿದ ಮೇಲೆ ಪಾದ್ರಿ ಅವನನ್ನು ಪಕ್ಕಕ್ಕೆ ಕರೆದ. ಕೆಟ್ಟವನಲ್ಲ, ಆದರೆ ಕಟ್ಟಳೆ ಎಂದರೆ ಕಟ್ಟಳೆ ಅನ್ನುವ ಜಾತಿ.

"ನೋಡಪ್ಪಾ, ಸೂಲಗಿತ್ತಿ ಮಾತು ನಂಬಿ ನಾನು ಕೂಸನ್ನ ತಾಯಿ ಪಕ್ಕದಲ್ಲೇ ಮಲಗಿಸಿದೀನಿ. ನಾಳೆ ರಾಜನ ನ್ಯಾಯಾಧಿಕಾರಿ 'ಇದಕ್ಕೆ ಜೀವವೇ ಇರಲಿಲ್ಲ' ಅಂತ ತೀರ್ಪು ಕೊಟ್ರೆ, ಜೀವ ಇಲ್ಲದ ಕೂಸಿಗೆ ಹಾಕಿದ ನೀರು ಬರೀ ನೀರು. ಆಮೇಲೆ ಅದು ಅಲ್ಲಿರೋ ಹಾಗಿಲ್ಲ."

"ಅಂದ್ರೆ?"

"ಅಗೆದು ತೆಗೆದು ಬೇಲಿ ಆಚೆ ಹಾಕಬೇಕಾಗುತ್ತೆ. ನೇಣು ಹಾಕ್ಕೊಂಡವರನ್ನ ಹಾಕ್ತೀವಲ್ಲ, ಆ ಕಡೆ. ಹೇಳೋಕೆ ನನಗೂ ಸಂಕಟ."

"ಸಂಕಟ ಆದ್ರೆ ಹೇಳಬೇಡಿ," ಎಂದ ರೆನೂಫ್. ಪಾದ್ರಿ ಶಿಲುಬೆ ಮುಟ್ಟಿಕೊಂಡು ಹೊರಟುಹೋದ.

ಗೆರೆನ್ ಮಾತ್ರ ಸಮಸ್ಯೆಯನ್ನು ಚಿಟಿಕೆ ಹೊಡೆದಷ್ಟು ಸುಲಭದಲ್ಲಿ ಬಗೆಹರಿಸಿದ. ಅವನು ಪಾರುಪತ್ಯಗಾರ, ಹೊಲ ಗದ್ದೆ ವ್ಯಾಜ್ಯಗಳಲ್ಲಿ ಪಳಗಿದವನು. ಲಾಯದಲ್ಲಿ ಕುದುರೆಯ ಗೊರಸು ನೋಡುತ್ತಾ ನಿಂತಿದ್ದ ರೆನೂಫ್‌ನ ಹಿಂದೆ ಬಂದು ಗಂಟಲು ಸರಿಮಾಡಿಕೊಂಡ.

"ಕೂಸು ಅತ್ತದ್ದನ್ನ ನಾನು ಕೇಳಿದೆ, ಧಣಿ."

"ನೀನು ನನ್ನ ಜೊತೆ ಹಳ್ಳದ ಕೆಸರಲ್ಲಿ ಬಿದ್ದಿದ್ದೆಯಲ್ಲೋ."

"ಆಮೇಲೆ ಬಿದ್ದೆ. ಅದಕ್ಕೆ ಮುಂಚೆ ಮೆಟ್ಟಿಲ ಕೆಳಗಿದ್ದೆ. ಆ ಮುದುಕ ರೊಟ್ಟಿ ಮೆಲ್ಲೋದ್ರಲ್ಲಿ ಮುಳುಗಿದ್ದ, ನನ್ನ ನೋಡ್ಲಿಲ್ಲ. ಇಲ್ಲ ಅಂತ ಅವನು ಹೇಗೆ ಹೇಳ್ತಾನೆ?"

"ಸಂತರ ಮೂಳೆ ಮುಟ್ಟಿ ಹೇಳಬೇಕು ಗೆರೆನ್. ಸುಳ್ಳು ಆಣೆ ಇಟ್ಟವನ ಕೈ ಕೊಳೆಯುತ್ತೆ ಅಂತಾರೆ."

"ಅಂತಾರೆ. ಆ ಮುದುಕ ಬಂದ್ರೆ ನನ್ನ ಹೆಂಡ್ತಿ ಮಕ್ಕಳ ಗತಿ ಏನು ಅಂತ ಯಾರೂ ಹೇಳಲ್ಲ. ಅವನು ಬಂದ ದಿನವೇ ನನ್ನ ಗಂಟುಮೂಟೆ ಬೀದೀಲಿರುತ್ತೆ. ಕೈ ಹೋದ್ರೆ ಇನ್ನೊಂದಿದೆ. ಮನೆ ಇನ್ನೊಂದಿಲ್ಲ."

ರೆನೂಫ್ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. "ನೋಡೋಣ" ಎಂದ. ಗೆರೆನ್ ಅದನ್ನು ಹೂಂ ಎಂದೇ ತಿಳಿದುಕೊಂಡ. ನಿಜ ಹೇಳಬೇಕೆಂದರೆ ರೆನೂಫ್ ಕೂಡ ಹಾಗೇ ತಿಳಿದುಕೊಂಡಿದ್ದ. ಅಲ್ಲಿಂದಾಚೆಗೆ ಅವನಿಗೆ ಊಟ ಸೇರಿತು, ಸೇಬಿನ ಮದ್ಯ ಗಂಟಲಲ್ಲಿ ಇಳಿಯಿತು. ತನ್ನ ಮೇಲೆ ತನಗೇ ಹೇಸಿಗೆಯಾದರೂ ಇಳಿಯಿತು.

ನ್ಯಾಯಸ್ಥಾನ ಕೂಡುವ ದಿನ ಬೆಳಿಗ್ಗೆ ಮಂಜು ಕವಿದಿತ್ತು. ಪೇಟೆಗೆ ಹೋಗಲು ಹೊಳೆ ದಾಟಬೇಕು. ದೋಣಿ ಆಚೆ ದಡದಲ್ಲಿತ್ತು, ಈಚೆ ದಡದಲ್ಲಿ ಒಸ್ಬೆರ್ನ್ ಒಬ್ಬನೇ ತನ್ನ ಮುದಿ ಕುದುರೆಯ ಪಕ್ಕ ನಿಂತಿದ್ದ. ಬೇರೆ ದಾರಿಯಿಲ್ಲ. ರೆನೂಫ್ ಹೋಗಿ ಪಕ್ಕದಲ್ಲಿ ನಿಂತ. ಗೆರೆನ್ ಮರ್ಯಾದೆಗೆ ದೂರ ಉಳಿದ. ಅವನು ಗಡ್ಡ ಬೋಳಿಸಿ, ಮದುವೆಗೆ ಹೊರಟವನ ಹಾಗೆ ಹೊಸ ಅಂಗಿ ತೊಟ್ಟಿದ್ದ.

"ಸಾಕ್ಷಿ ತಯಾರಾದ ಹಾಗಿದೆ," ಎಂದ ಒಸ್ಬೆರ್ನ್, ಗೆರೆನ್‌ನ ಕಡೆ ಗಲ್ಲ ಎತ್ತಿ. "ತಿಕ್ಕಿ ತೊಳೆದು ತಂದಿದೀಯ."

 ಹೊಳೆ ನೀರು ಕೆಂಪಾಗಿ ಹರಿಯುತ್ತಿತ್ತು. ಮುದುಕ ಕುದುರೆಯ ಕಿವಿ ನೋಡುತ್ತಾ, ಬೇರೆ ದನಿಯಲ್ಲಿ ಮಾತಾಡಿದ.

"ಕೇಳು ಅಳಿಯ. ನ್ಯಾಯಸ್ಥಾನ ಹತ್ತೋದು ಬೇಡ. ಸುಮ್ನೆ ಬಿಟ್ಟುಕೊಡು. ಆ ಕೂಸಿನ ಗೋರಿ ನಾನು ಮುಟ್ಟಿಸಲ್ಲ. ಪಾದ್ರಿಗೆ ನಾನೇ ಹೇಳ್ತೀನಿ. ಅಮೆಲೀನ್ ಪಕ್ಕದಲ್ಲೇ ಇರ್ಲಿ ಅದು."

"ಜೀವವೇ ಇಲ್ಲದ ಕೂಸು ಅಂತೀರಲ್ಲ. ಅದಕ್ಕೆ ಅಲ್ಲಿ ಯಾಕೆ ಜಾಗ?"

ಒಸ್ಬೆರ್ನ್ ಇದ್ದಕ್ಕಿದ್ದ ಹಾಗೆ ಆಚೆ ದಡದ ಕಡೆ ತಿರುಗಿ ಕಿರುಚಿದ. "ಏಯ್ ಅಂಬಿಗ! ಬೇಗ ಬಾರಯ್ಯಾ! ಮರ ಕಡಿದು ಹೊಸ ದೋಣಿ ಮಾಡ್ತಿದೀಯಾ ಹೇಗೆ?"

ದೋಣಿ ಬಂತು. ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಹೊಳೆ ದಾಟಿದರು, ಒಬ್ಬರ ಮೊಣಕಾಲು ಒಬ್ಬರಿಗೆ ತಗಲದ ಹಾಗೆ.  ಈ ಮನುಷ್ಯ ಇಷ್ಟು ದಿನದಲ್ಲಿ ಒಂದು ಸಲವಾದರೂ 'ಕೂಸು ಅಳಲಿಲ್ಲ' ಎಂದಿದ್ದನೇ? 'ಕೇಳಿದ ಗಂಡಸು ಯಾರು' ಎನ್ನುತ್ತಿದ್ದ. 'ನಾನು ಎದುರು ಪಕ್ಷದವನು' ಎನ್ನುತ್ತಿದ್ದ. ಅಳಲಿಲ್ಲ ಎಂದು ಮಾತ್ರ ಹೇಳಿರಲಿಲ್ಲ. ಹೇಳಿದ್ದನ್ನು ತಾನೇ ಮರೆತಿರಬಹುದೇನೋ ಎಂದು ರೆನೂಫ್ ಮತ್ತೆ ಮತ್ತೆ ನೆನಪು ಕೆದಕಿದ. ಖಾತ್ರಿಯಾಗಲಿಲ್ಲ.

ಪೇಟೆಯ ಕಲ್ಲುಕಟ್ಟಡದಲ್ಲಿ ನ್ಯಾಯಸ್ಥಾನ ಕೂಡಿತ್ತು. ರಾಜನ ನ್ಯಾಯಾಧಿಕಾರಿ ದಪ್ಪ ಮನುಷ್ಯ, ಚಳಿಗೆ ಮೂಗು ಸೋರುತ್ತಿತ್ತು, ಒಂದು ಕಾಲನ್ನು ಕೆಂಡದ ಬಾಣಲೆಯ ಹತ್ತಿರ ಚಾಚಿಕೊಂಡಿದ್ದ. ಸೀಮೆಯ ಸರದಾರರು ಗೋಡೆಗುಂಟ ಬೆಂಚುಗಳ ಮೇಲೆ ಕೂತಿದ್ದರು. ನಡುವೆ ಮೇಜಿನ ಮೇಲೆ ಸಂತರ ಮೂಳೆಗಳ ಬೆಳ್ಳಿ ಪೆಟ್ಟಿಗೆ, ಅದರ ಪಕ್ಕದಲ್ಲಿ ಆಣೆ ಹೇಳಿಸುವ ಗುಮಾಸ್ತ.

"ಗಂಡಸು ಸಾಕ್ಷಿ ಇದ್ದಾನೋ ಇಲ್ವೋ?" ಎಂದ ನ್ಯಾಯಾಧಿಕಾರಿ. "ಇದ್ರೆ ಬೇಗ ಕರೀರಿ. ಇನ್ನೂ ಹಂದಿ ಕದ್ದ ವ್ಯಾಜ್ಯ ಬಾಕಿ ಇದೆ."

ಗೆರೆನ್ ಮುಂದೆ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಲಾಯದಲ್ಲಿ ಆಡಿದ ಧೈರ್ಯದ ಮಾತು ಇಲ್ಲಿಯ ತನಕ ಅವನ ಜೊತೆ ಬಂದಿರಲಿಲ್ಲ. ಆದರೂ ಅಂಗಿಯ ತೋಳು ಮೇಲೆ ಸರಿಸಿ ಬಲಗೈ ಚಾಚಿದ, ಬಿಸಿ ಹೆಂಚು ಮುಟ್ಟಲು ಹೊರಟವನ ಹಾಗೆ.

ರೆನೂಫ್ ಆ ಕೈಯನ್ನೇ ನೋಡುತ್ತಿದ್ದ. ಇನ್ನೊಂದು ಗಳಿಗೆ ಕಳೆದರೆ ಮನೆ ತನ್ನದು. ಗಿರಣಿ, ಹೊಲ, ಹಜಾರ, ಅಮೆಲೀನ್ ಮಲಗುತ್ತಿದ್ದ ಮಂಚ, ಚರ್ಚಿನ ಆವರಣದ ಆ ಎರಡು ಗೋರಿ. ಎಲ್ಲ ಉಳಿಯುತ್ತದೆ. ಆದರೆ ಮಗಳು ಅತ್ತಳೋ ಇಲ್ಲವೋ ಎನ್ನುವುದು ಆಮೇಲೆ ಯಾವ ಕಾಲಕ್ಕೂ ಗೊತ್ತಾಗುವುದಿಲ್ಲ. ಗೆರೆನ್‌ನ ಸುಳ್ಳು ಒಮ್ಮೆ ಸತ್ಯ ಎಂದು ತೀರ್ಮಾನವಾದರೆ, ಅದರ ಅಡಿಯಲ್ಲಿ ನಿಜವಾದದ್ದು ಶಾಶ್ವತವಾಗಿ ಹೂತುಹೋಗುತ್ತದೆ. ಸಾಯುವ ತನಕ ಆ ಮನೆಯಲ್ಲಿ ಕೂತು, ನಾನು ಒಂದು ಜೀವಕ್ಕೆ ತಂದೆಯಾಗಿದ್ದೆನೋ ಅಥವಾ ಒಂದು ತುಂಡು ಮಾಂಸಕ್ಕೆ ಹೆಸರಿಟ್ಟಿದ್ದೆವೋ ಎಂದು ಯೋಚಿಸುತ್ತಿರಬೇಕು. ಅವನಿಂದ ಸಹಿಸಲಾಗಲಿಲ್ಲ.

"ನಿಲ್ಲು," ಎಂದ. ಗೆರೆನ್‌ನ ಮಣಿಕಟ್ಟು ಹಿಡಿದ. "ಇವನು ಏನೂ ಕೇಳಿಲ್ಲ. ಹಳ್ಳದಾಚೆ ನನ್ನ ಜೊತೆ ಕುದುರೆ ಹಿಡೀತಿದ್ದ. ನಾನೂ ಏನೂ ಕೇಳಿಲ್ಲ."

 ಬೆಂಚುಗಳ ಮೇಲಿಂದ ನಗು ಎದ್ದಿತು. "ಧಣಿ, ಏನ್ ಮಾಡಿಬಿಟ್ರಿ ಧಣಿ," ಎಂದು ಗೆರೆನ್ ಪಿಸುಗುಟ್ಟಿದ, ಆದರೆ ಚಾಚಿದ್ದ ಕೈಯನ್ನು ಗಡಿಬಿಡಿಯಿಂದ ಕಂಕುಳಲ್ಲಿ ಅಡಗಿಸಿಕೊಂಡ.

"ಹಾಗಾದ್ರೆ ಇಲ್ಲಿಗೆ ಯಾಕೆ ಬಂದೆಯಪ್ಪಾ?" ಎಂದ ನ್ಯಾಯಾಧಿಕಾರಿ. "ಬೆಂಕಿ ಕಾಯಿಸಿಕೊಳ್ಳೋಕಾ?"

"ವ್ಯಾಜ್ಯವನ್ನ ಎದುರು ಪಕ್ಷದವರ ಆಣೆಗೆ ಬಿಡ್ತೀನಿ."

ನಗು ಅರ್ಧಕ್ಕೇ ನಿಂತಿತು. ನ್ಯಾಯಾಧಿಕಾರಿ ಬೆಂಕಿಯ ಹತ್ತಿರದಿಂದ ಕಾಲು ಎಳೆದುಕೊಂಡು ನೆಟ್ಟಗೆ ಕೂತ.

"ಏನು ಹೇಳ್ತಿದೀಯ ಅನ್ನೋದು ಗೊತ್ತಿದೆಯಾ? ಇವರು ಪೆಟ್ಟಿಗೆ ಮುಟ್ಟಿ 'ಕೇಳಲಿಲ್ಲ' ಅಂದ್ರೆ ಅಲ್ಲಿಗೆ ಮುಗೀತು. ಮತ್ತೆ ಯಾವ ದೊರೆ ಹತ್ರವೂ ದೂರು ಹೇಳೋ ಹಾಗಿಲ್ಲ. ಮನೇನೂ ಹೋಗುತ್ತೆ, ಕೂಸಿನ ಗೋರೀನೂ ಹೋಗುತ್ತೆ. ಇವರು ಆಣೆ ಇಡೋಕೆ ಒಲ್ಲೆ ಅಂದ್ರೆ ಮಾತ್ರ ನಿನಗೆ ಗೆಲುವು. ಯಾವ ಎದುರಾಳಿ ಒಲ್ಲೆ ಅಂತಾನಪ್ಪಾ?"

"ಗೊತ್ತಿದೆ."

"ಗೊತ್ತಿಲ್ಲ ಇವನಿಗೆ," ಎಂದ ಒಸ್ಬೆರ್ನ್ ಎದ್ದು. ಅವನ ದನಿ ಯಾಕೋ ಕೀರಲಾಗಿತ್ತು. "ತಲೆ ಕೆಟ್ಟಿದೆ ಇವನಿಗೆ. ಹೆಂಡ್ತಿ ಸತ್ತ ದುಃಖ. ಇವತ್ತು ಬೇಡ ಸ್ವಾಮಿ, ಮುಂದಕ್ಕೆ ಹಾಕಿ."

"ಬರಬೇಕಾದ ಆಸ್ತಿ ಬಾಗಿಲಿಗೆ ಬಂದಾಗ ಮುಂದಕ್ಕೆ ಹಾಕಿ ಅಂತೀರಲ್ರೀ!" ಎಂದು ಬೆಂಚಿನ ಮೇಲಿಂದ ಯಾರೋ ಛೇಡಿಸಿದರು.

ರೆನೂಫ್ ಒಸ್ಬೆರ್ನ್‌ನ ಎದುರಿಗೆ ಹೋಗಿ ನಿಂತ. "ಪೆರೊನೆಲ್ ಅತ್ತಳು ಅಂದ್ರೆ ನಾನು ನಂಬಲ್ಲ, ಅವಳದು ಕರುಣೆ. ಗೆರೆನ್ ಹೇಳಿದ್ರೆ ನಂಬಲ್ಲ, ಅವನಿಗೆ ಮನೆ ಬೇಕು. ಈ ಲೋಕದಲ್ಲಿ 'ಅತ್ತಳು' ಅಂತ ಹೇಳಿದ್ರೆ ನಾನು ನಂಬಬಹುದಾದವರು ನೀವೊಬ್ಬರೇ. ಹಾಗೆ ಹೇಳಿದ್ರೆ ನಿಮಗೆ ನಷ್ಟ ಬಿಟ್ಟು ಬೇರೇನೂ ಇಲ್ಲ. ಅಳಲಿಲ್ಲ ಅನ್ನೋದಾದ್ರೆ ಆಣೆ ಇಟ್ಟು ಹೇಳಿ, ನಾನು ಇಲ್ಲಿಂದಲೇ ನಡ್ಕೊಂಡು ಹೋಗ್ತೀನಿ. ಆ ಮನೆ ಹೊಸ್ತಿಲು ಕೂಡ ತುಳಿಯಲ್ಲ."

ಇದು ಜೂಜುಕೋರನ ಹುಚ್ಚು, ಅನುಮಾನವೇ ಇಲ್ಲ. ಸೋತರೆ ಮಗಳ ಗೋರಿಯನ್ನೇ ಸೋಲುತ್ತಾನೆ ಎನ್ನುವುದು ಅವನಿಗೂ ಗೊತ್ತಿತ್ತು. 

ಒಸ್ಬೆರ್ನ್ ಮೇಜಿನ ಹತ್ತಿರ ಬಂದ. ಬರುವಾಗ ಯಾರ ಮುಖವನ್ನೂ ನೋಡಲಿಲ್ಲ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟ. ಗುಮಾಸ್ತ ಒಂದೊಂದೇ ತುಂಡು ಹೇಳಿಕೊಡಲು ಶುರುಮಾಡಿದ.

"ನಾನು, ಒಸ್ಬೆರ್ನ್..."

"ನಾನು, ಒಸ್ಬೆರ್ನ್."

"ಕ್ಲೆರ್ಬೆಕ್ ಮನೆಯ ಹಜಾರದಲ್ಲಿ ಕೂತಿದ್ದೆ..."

"ಕೂತಿದ್ದೆ."

"ಪೂರ್ತಿ ಹೇಳ್ರೀ."

"ಕ್ಲೆರ್ಬೆಕ್ ಮನೆಯ ಹಜಾರದಲ್ಲಿ ಕೂತಿದ್ದೆ."

"ಆ ನಾಲ್ಕು ಗೋಡೆಗಳ ನಡುವೆ, ಅಮೆಲೀನಳ ಮಗುವಿನ ಅಳುವನ್ನು..."

ಒಸ್ಬೆರ್ನ್ ಸುಮ್ಮನಾದ. ಗುಮಾಸ್ತ ಮತ್ತೆ ಹೇಳಿದ. ಮುದುಕನ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಹೊರಗೆ ಯಾರದೋ ಹಂದಿ ಗುಟುರು ಹಾಕುತ್ತಿತ್ತು. ನ್ಯಾಯಾಧಿಕಾರಿ ಮೂಗು ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದ.  ಹೇಳಿಬಿಡಲಿ, ಯಾವುದಾದರೂ ಒಂದು ಹೇಳಿಬಿಡಲಿ ಎಂದು ರೆನೂಫ್‌ನ ಮನಸ್ಸು ಒದ್ದಾಡಿತು.

"ಹೇಳಿ," ಎಂದ ಗುಮಾಸ್ತ. "'ಅಳುವನ್ನು ಕೇಳಲಿಲ್ಲ.' ಇಷ್ಟೇ ಬಾಕಿ."

"ಅಪ್ಪ ಸತ್ತ ದಿನದಿಂದ ಆ ಮನೆಗೆ ಕಾದಿದೀನಿ ನಾನು," ಎಂದ ಒಸ್ಬೆರ್ನ್, ಪೆಟ್ಟಿಗೆಗೆ ಹೇಳುವ ಹಾಗೆ. "ಇವನು ಆ ಪಾರುಪತ್ಯಗಾರನ ಕೈಲಿ ಸುಳ್ಳು ಹೇಳಿಸಿದ್ರೆ ಏನಾಗ್ತಿತ್ತು? ಸುಳ್ಳ ಅಂತ ಬೈಕೊಂಡು ನೆಮ್ಮದಿಯಾಗಿ ಮನೆಗೆ ಹೋಗ್ತಿದ್ದೆ."

ಅಂಗೈಯನ್ನು ಪೆಟ್ಟಿಗೆಯಿಂದ ತೆಗೆದ.

"ಅತ್ತಿತು. ಬರ್ಕೊಳ್ಳಿ. ಅತ್ತಿತು. ನಾನು ಆಣೆ ಇಡಲ್ಲ."

ನ್ಯಾಯಸ್ಥಾನದಲ್ಲಿ ಒಮ್ಮೆಲೇ ಗದ್ದಲ ಎದ್ದಿತು. ಸರದಾರರು ಒಬ್ಬರ ಮೇಲೊಬ್ಬರು ಮಾತಾಡತೊಡಗಿದರು. ನ್ಯಾಯಾಧಿಕಾರಿ ಮೇಜು ಕುಟ್ಟಿ ತೀರ್ಪು ಹೇಳಿದ: ಕ್ಲೆರ್ಬೆಕ್ ಜಹಗೀರು ರೆನೂಫ್‌ನ ಜೀವಮಾನದ ತನಕ ರೆನೂಫ್‌ನದು, ಮರುಮದುವೆಯಾದರೆ ತಪ್ಪುತ್ತದೆ, ಮಗುವಿಗೆ ಜೀವವಿತ್ತೆಂದು ಪಾದ್ರಿಗೆ ತಿಳಿಸತಕ್ಕದ್ದು. ಗೆರೆನ್ ಮಂಡಿಯೂರಿ ಅಳುತ್ತಾ ನಗುತ್ತಾ ಒಡೆಯನ ಅಂಗಿ ಜಗ್ಗಿದ. "ಧಣಿ, ಮುಂದೆ ಹೋಗಿ ತಲೆ ಬಾಗ್ಸಿ. ಕಾಯ್ತಿದಾರೆ. ಧಣಿ!"

ರೆನೂಫ್ ತೀರ್ಪನ್ನು ಕೇಳಿಸಿಕೊಂಡಿರಲೇ ಇಲ್ಲ. ಗುಂಪಿನ ನಡುವೆ ತೂರಿ ಬಾಗಿಲ ಕಡೆ ಹೊರಟಿದ್ದ ಮುದುಕನ ತೋಳು ಹಿಡಿದ.

"ಹೇಗೆ ಅತ್ತಳು?"

"ಬಿಡು. ಗೆದ್ದೆಯಲ್ಲ, ಇನ್ನೇನು ಬೇಕು?"

"ಹೇಗೆ ಅತ್ತಳು ಹೇಳಿ ಮಾವ."

ಒಸ್ಬೆರ್ನ್ ಅವನ ಮುಖ ನೋಡಿದ. ಜಗ್ಗಿಕೊಳ್ಳುವುದನ್ನು ನಿಲ್ಲಿಸಿದ.

"ಮೊದಲು ಸೀನಿದ ಹಾಗೆ ಒಂದು ಸಣ್ಣ ಸದ್ದು ಬಂತು. ಬೆಕ್ಕೇನೋ ಅಂದ್ಕೊಂಡೆ. ಆಮೇಲೆ ಅಳು. ಮೊದ ಮೊದಲು ಮೆತ್ತಗೆ, ಆಮೇಲೆ ಜೋರಾಗಿ. ಗಂಟೆ ಹೊಡೀತಿದ್ರೂ ಕೇಳ್ತಿತ್ತು."

"ಎಷ್ಟು ಹೊತ್ತು?"

"ಕೈಲಿದ್ದ ರೊಟ್ಟಿ ಮುಗಿಯೋವಷ್ಟು ಹೊತ್ತು."

ಗೆಲುವು ಅಂದರೆ ಇದು ಎಂದು ರೆನೂಫ್‌ಗೆ ಆಗ ಅರ್ಥವಾಯಿತು. ಇಷ್ಟು ದಿನ ಅವನು ಹೆಂಡತಿಯನ್ನು ಕಳೆದುಕೊಂಡವನಾಗಿದ್ದ. ಈಗ, ಈ ಜನರ ಗಲಾಟೆಯ ನಡುವೆ, ಮಗಳನ್ನು ಕಳೆದುಕೊಂಡ. ಅವಳು ಬಂದಿದ್ದಳು, ಜೋರಾಗಿ ಕರೆದಿದ್ದಳು, ಆಗ ಅವನು ಗೋಧಿ ಹೊಲದಲ್ಲಿ ಕುದುರೆ ಹಿಡಿಯುತ್ತಿದ್ದ.

"ಇನ್ನೊಂದು ಸಲ ಹೇಳಿ," ಎಂದ.

ಒಸ್ಬೆರ್ನ್ ಹೇಳಿದ. ಸೀನಿನಂಥ ಸದ್ದು, ಮೆತ್ತಗಿನ ಅಳು, ಜೋರಾದ ಅಳು. ಈ ಸಲ ಅಲ್ಲಿಗೇ ನಿಲ್ಲಿಸಲಿಲ್ಲ.

"ಆಮೇಲೆ ನಿಂತು ಹೋಯ್ತು. ಮತ್ತೆ ಬರುತ್ತೇನೋ ಅಂತ ಕಿವಿ ಕೊಟ್ಟು ಕೂತೆ. ಬರ್ಲಿಲ್ಲ. ನನಗೆ ಖುಷಿಯಾಯ್ತು, ರೆನೂಫ್. ರೊಟ್ಟಿ ಮುಗಿಸಿ, ದೇವರಿಗೆ ಕೈ ಮುಗಿದೆ."

 ಇನ್ನೇನು ಹೊಡೆದೇ ಬಿಡುತ್ತಾನೆ ಎಂದು ಇಬ್ಬರು ಸರದಾರರು ಮುಂದೆ ಬಂದರು. ಮುದುಕ ಕೂಡ ಹೊಡೆತಕ್ಕೆ ತಯಾರಾದವನ ಹಾಗೆ ಕಣ್ಣು ಮುಚ್ಚಿ ನಿಂತಿದ್ದ. ರೆನೂಫ್ ಹೊಡೆಯಲಿಲ್ಲ, ತೋಳನ್ನು ಬಿಡಲೂ ಇಲ್ಲ.

"ಜೋರಾಗಿ ಅತ್ತಳು ಅಂದ್ರಲ್ಲ," ಎಂದ. "ಅದೊಂದು ಮತ್ತೆ ಹೇಳಿ."